ಮಠಕ್ಕೊಬ್ಬ ಮರಿ ಬೇಕು

ಮಾಘ ಮಾಸದ ಹುಣ್ಣಿಮೆಯಂದು ಕೊಟ್ಟೂರಿನಲ್ಲಿ ಮರುಳಸಿದ್ಧನು ತನ್ನ ಶಿಷ್ಯ ತೆಲುಗುಬಾಳು ಸಿದ್ಧೇಶ್ವರನನ್ನು ಪೀಠದ ಮೇಲೆ ಕೂರಿಸಿ ‘ತರಳಾ, ಬಾಳು’ ಎಂದು ಹರಸಿದನಂತೆ. ತರಳ ಎಂದರೆ ಮಗು, ಹುಡುಗ. ಸಿರಿಗೆರೆಯ ಬೃಹನ್ಮಠಕ್ಕೆ ತರಳಬಾಳು ಎಂಬ ಹೆಸರು ಬಂದುದು ಈ ಹರಕೆಯಿಂದಲೇ ಎಂದು ಆ ಪರಂಪರೆಯವರು ನಂಬುತ್ತಾರೆ. ವರ್ಷಕ್ಕೊಂದು ಊರಿನಲ್ಲಿ ನಡೆಯುವ ತರಳಬಾಳು ಹುಣ್ಣಿಮೆ 2023ರಲ್ಲಿ ಕೊಟ್ಟೂರಿಗೇ ಬಂದಿತ್ತು. ಹರಕೆಯ ಎರಡು ಮಾತು ನೂರಾರು ವರ್ಷ ಉಳಿದುಕೊಂಡು ಬಂದಿವೆ. ಆದರೆ ಹರಸುವುದಕ್ಕೆ ತಕ್ಕ ತರಳನನ್ನು ಹುಡುಕುವ ಕಷ್ಟವಿದೆಯಲ್ಲ, ಅದು ಪ್ರತಿ ತಲೆಮಾರಿಗೂ ಹೊಸದಾಗಿಯೇ ಎದುರಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಕ್ಕಳಿಗೆ ಮಠವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಜಾತ್ರೆಗೆ ಹೋಗುವುದು ಮಠಕ್ಕೆ, ಮಗುವಿಗೆ ಹೆಸರಿಡಿಸುವುದು ಮಠದಲ್ಲಿ, ದಾಯಾದಿಗಳ ಜಗಳ ಬಗೆಹರಿಯದಿದ್ದರೆ ಕೊನೆಗೆ ಕೂರುವುದೂ ಮಠದ ಕಟ್ಟೆಯ ಮೇಲೆ. ಈ ಸೀಮೆಯ ಐವರು ಗಣಾಧೀಶ್ವರರ ಹೆಸರು ಹಿರಿಯರ ಬಾಯಲ್ಲಿ ಸದಾ ಇರುತ್ತದೆ: ಕೊಟ್ಟೂರಿನ ಗುರು ಬಸವೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಇಲ್ಲಿಗೆ ನಡೆದುಕೊಳ್ಳುವವರು ಒಂದೇ ಜಾತಿಯವರಲ್ಲ. ಕೊಟ್ಟೂರೇಶ್ವರನ ತೇರು ಕದಲುವ ಮುನ್ನ ದಲಿತ ಮಹಿಳೆಯರು ಆರತಿ ಬೆಳಗಬೇಕು. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಜಾತ್ರೆಯಲ್ಲಿ ಎಣ್ಣೆ ಎರೆಯುತ್ತಾರೆ. ಆ ಎಣ್ಣೆ ಬರುವುದು ಜರಿಮಲೆ ಪಾಳೆಗಾರರ ಮನೆತನದಿಂದ. ‘ಹಂಪೆ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಮಾತು ಅಲ್ಲಿನ ಕೆತ್ತನೆಗಾಗಿ ಹುಟ್ಟಿದ್ದಿರಬಹುದು. ಒಳಗೆ ನೋಡಬೇಕಾದದ್ದು ಕೆತ್ತನೆಯೊಂದೇ ಅಲ್ಲ ಎಂದೂ ಅದನ್ನು ಓದಿಕೊಳ್ಳಬಹುದು.

ಗುಡೇಕೋಟೆಯ ಕಡೆ ಹೋದರಂತೂ ಈ ಮಿಶ್ರಣ ಇನ್ನೂ ಗಾಢ. ಬಂಡೆಗುಡ್ಡಗಳು, ಪಾಳೆಗಾರರ ಕೋಟೆ, ಕರಡಿಧಾಮ, ಒನಕೆ ಓಬವ್ವನ ತವರೆಂಬ ಹೆಮ್ಮೆ. ಆಂಧ್ರದ ಗಡಿ ಹತ್ತಿರವಿರುವುದರಿಂದ ಕನ್ನಡದ ಜೊತೆಗೆ ತೆಲುಗು ಮನೆಮಾತಾಗಿರುವ ಕುಟುಂಬಗಳೂ ಉಂಟು. ನಾಯಕರು, ಲಿಂಗಾಯತರು, ಕುರುಬರು, ಗೊಲ್ಲರು, ಲಂಬಾಣಿಗರು, ದಲಿತರು, ಮುಸ್ಲಿಮರು ಅಕ್ಕಪಕ್ಕದ ಊರುಗಳಲ್ಲಿ, ಎಷ್ಟೋ ಕಡೆ ಒಂದೇ ಊರಿನಲ್ಲಿ ಬಾಳುತ್ತಾರೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೂ ಅವರ ದೇವರ ಪೂಜಾರಿಯೂ ಅವರವರ ಜನದಲ್ಲೇ ಇದ್ದಾರೆ. ಅದು ಅವರ ಒಳಗಿನ ವ್ಯವಹಾರ. ಆದರೆ ಹತ್ತಾರು ಹಳ್ಳಿಗೆ, ಹಲವು ಜಾತಿಗೆ ಒಬ್ಬನೇ ಗುರು ಬೇಕು ಎಂದಾಗ ಲೆಕ್ಕ ತೊಡಕಾಗುತ್ತದೆ.

ಒಬ್ಬ ಸ್ವಾಮಿಗಳು ಲಿಂಗೈಕ್ಯರಾದರೆಂದಿಟ್ಟುಕೊಳ್ಳಿ. ಸಮಾಧಿಯ ಕಾರ್ಯ ಮುಗಿದು ಊಟದ ಪಂಕ್ತಿ ಏಳುವ ಮೊದಲೇ ಮುಂದಿನವರು ಯಾರೆಂಬ ಮಾತು ಶುರುವಾಗುತ್ತದೆ. ಊರ ದೈವ ಸೇರುತ್ತದೆ, ಶಾಖಾಮಠಗಳಿಂದ ಹಿರಿಯರು ಬರುತ್ತಾರೆ. ಒಬ್ಬರಿಗೆ ಸಂಸ್ಕೃತ ಬಲ್ಲವರು ಬೇಕು. ಇನ್ನೊಬ್ಬರಿಗೆ ವಚನ ಹೇಳುವವರು. ಶಾಲೆ ಕಾಲೇಜು ನಡೆಸುವ ಮಠವಾದರೆ ಲೆಕ್ಕಪತ್ರ ತಿಳಿದವರು ಬೇಕು, ಜಮೀನಿನ ವ್ಯಾಜ್ಯವಿದ್ದರೆ ಕೋರ್ಟು ಕಚೇರಿ ಹತ್ತಬಲ್ಲವರು. ತರುಣರಿಗೆ ಮಾತುಗಾರರು, ಮುದುಕಿಯರಿಗೆ ಮನೆಗೆ ಬಂದು ಮೊಮ್ಮಗನ ತಲೆ ನೇವರಿಸುವವರು. ಇವೆಲ್ಲ ಒಬ್ಬನಲ್ಲೇ ಇರಬೇಕೆಂದರೆ ಅಂಥವನನ್ನು ಮಾಡಿಸಿಕೊಂಡು ಬರಬೇಕಷ್ಟೆ!

ಹಳೆಯ ಕಾಲದವರು ಇದಕ್ಕೆ ಕೆಲವು ದಾರಿಗಳನ್ನು ಮಾಡಿಟ್ಟಿದ್ದರು. ಮಠಗಳಲ್ಲಿ ಪುತ್ರವರ್ಗ, ಶಿಷ್ಯವರ್ಗ ಎಂದು ಎರಡು ಬಗೆ. ಪುತ್ರವರ್ಗದ ಮಠದಲ್ಲಿ ಅಧಿಕಾರ ತಂದೆಯಿಂದ ಮಗನಿಗೆ ಬರುತ್ತದೆ, ಹುಡುಕಾಟದ ಪ್ರಶ್ನೆಯೇ ಇಲ್ಲ. ಮಗ ತಕ್ಕವನಲ್ಲದಿದ್ದರೆ ಏನು ಎಂದು ಮಾತ್ರ ಕೇಳಬಾರದು. ಶಿಷ್ಯವರ್ಗದಲ್ಲಿ, ವಿರಕ್ತ ಮಠಗಳಲ್ಲಿ, ಗುರುವು ಬದುಕಿರುವಾಗಲೇ ಒಬ್ಬನನ್ನು ಆರಿಸಿ ಬೆಳೆಸಬೇಕು. ಆ ಹುಡುಗನಿಗೆ ಜನರು ಇಟ್ಟಿರುವ ಹೆಸರು ‘ಮರಿ’. ಪ್ರೀತಿಯ ಹೆಸರೇನೋ ಹೌದು. ಆದರೆ ಮರಿ ಎನಿಸಿಕೊಂಡ ಹುಡುಗನಿಗೆ ಎಂಟು ವರ್ಷವೋ ಹತ್ತು ವರ್ಷವೋ ಆಗಿರುತ್ತದೆ. ತಾಯಿ ತಂದೆಯರು ಹರಕೆ ಹೊತ್ತು ಒಪ್ಪಿಸಿದ್ದಿರಬಹುದು, ಬಡತನಕ್ಕೆ ಒಪ್ಪಿಸಿದ್ದಿರಬಹುದು, ಮಠದಲ್ಲಿದ್ದರೆ ಊಟ ವಿದ್ಯೆ ಎರಡೂ ಸಿಗುತ್ತವೆಂಬ ಲೆಕ್ಕವೂ ಇದ್ದೀತು. ಹುಡುಗನ ಲೆಕ್ಕ ಏನೆಂದು ಕೇಳಿದವರು ಕಡಿಮೆ.

ಸುಮಾರು ನೂರು ವರ್ಷಗಳ ಹಿಂದೆ ಈ ಹುಡುಕಾಟವನ್ನು ಒಂದು ಮಠದ ಚಿಂತೆಯಾಗಿ ಬಿಡದೆ ಇಡೀ ಸಮಾಜದ ಕೆಲಸವೆಂದು ತಿಳಿದವರು ಹಾನಗಲ್ಲ ಕುಮಾರಸ್ವಾಮಿಗಳು. 1867ರಲ್ಲಿ ಹುಟ್ಟಿ 1930ರಲ್ಲಿ ಲಿಂಗೈಕ್ಯರಾದ ಅವರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದವರು. ಸಭೆ ಸೇರಿ ಭಾಷಣ ಮಾಡಿದರೆ ಮಠಗಳಿಗೆ ಒಳ್ಳೆಯ ಸ್ವಾಮಿಗಳು ಸಿಕ್ಕಿಬಿಡುವುದಿಲ್ಲವಷ್ಟೆ. 1909ರಲ್ಲಿ ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಮೇಲೆ ಶಿವಯೋಗಮಂದಿರ ಆರಂಭವಾಯಿತು. ಬೇರೆ ಬೇರೆ ಊರುಗಳಿಂದ ಬಂದ ವಟುಗಳು ಅಲ್ಲಿ ಒಟ್ಟಿಗೆ ಇದ್ದು ಸಂಸ್ಕೃತ, ಶಾಸ್ತ್ರ, ಯೋಗ, ಸಂಗೀತ ಕಲಿಯಬೇಕು, ದನ ಕಾಯಬೇಕು, ಗೋಮಯದಿಂದ ವಿಭೂತಿ ಮಾಡಬೇಕು. ವಿಭೂತಿಗೆ ಆ ಮಂದಿರ ಇಂದಿಗೂ ಹೆಸರುವಾಸಿ. ವರ್ಷಗಟ್ಟಲೆ ಕಂಡು ನೋಡಿ, ಯಾರು ಯಾವ ಮಠಕ್ಕೆ ಹೊಂದುತ್ತಾರೆಂದು ತಿಳಿದ ಮೇಲೆ ಕಳಿಸುವುದು. ಉತ್ತರ ಕರ್ನಾಟಕದ ಎಷ್ಟೋ ಮಠಗಳ ಸ್ವಾಮಿಗಳು ಹೀಗೆ ಮಲಪ್ರಭೆಯ ನೀರು ಕುಡಿದು ಬಂದವರೇ.

ಈ ಏರ್ಪಾಡಿನ ಜಾಣತನ ಎಲ್ಲಿದೆ ಎಂದು ಸ್ವಲ್ಪ ನಿಂತು ನೋಡಬೇಕು. ಒಂದೇ ಮಠದಲ್ಲಿ ಮರಿಯಾಗಿ ಬೆಳೆದ ಹುಡುಗನಿಗೆ ಆ ಮಠದ ಗೋಡೆಯೇ ಲೋಕ. ಅಲ್ಲಿನ ಭಕ್ತರು ಅವನನ್ನು ಹತ್ತನೆಯ ವಯಸ್ಸಿನಿಂದಲೇ ಕಾಲಿಗೆ ಬಿದ್ದು ಹಾಳು ಮಾಡಿರುತ್ತಾರೆ. ಐವತ್ತು ಹುಡುಗರ ನಡುವೆ ಬೆಳೆದವನು ಜಗಳವಾಡುತ್ತಾನೆ, ಸರದಿಯಲ್ಲಿ ನಿಂತು ಊಟ ಮಾಡುತ್ತಾನೆ, ತನಗಿಂತ ಚೆನ್ನಾಗಿ ಹಾಡುವವನನ್ನು ಕಂಡು ಹೊಟ್ಟೆಕಿಚ್ಚುಪಟ್ಟು ಕಡೆಗೆ ಸುಮ್ಮನಾಗುತ್ತಾನೆ. ಹತ್ತು ಜಾತಿಯ ಹಳ್ಳಿಗಳಿಗೆ ಗುರುವಾಗುವವನಿಗೆ ಶಾಸ್ತ್ರಕ್ಕಿಂತ ಮೊದಲು ಬೇಕಾದ ಪಾಠ ಇದೇ ಇರಬೇಕು. ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲವೂ ಹೀಗೆ ಏರ್ಪಾಡಿನಂತೆ ನಡೆಯುವುದಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉದ್ಧಾನ ಶಿವಯೋಗಿಗಳು ಮರುಳಾರಾಧ್ಯರನ್ನು ಉತ್ತರಾಧಿಕಾರಿಯಾಗಿ ಆರಿಸಿಕೊಂಡಿದ್ದರು. 1930ರ ಆರಂಭದಲ್ಲಿ ಮರುಳಾರಾಧ್ಯರು ಹಠಾತ್ತನೆ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ತರುಣನಿದ್ದ. ಮಾಗಡಿ ಸೀಮೆಯ ವೀರಾಪುರದ ಹೊನ್ನೇಗೌಡ, ಗಂಗಮ್ಮನವರ ಕಿರಿಯ ಮಗ ಶಿವಣ್ಣ. ಹಿಂದೆ ಮಠದಲ್ಲಿ ಇದ್ದು ಓದಿದವನು. ಗುರುಗಳ ಕಣ್ಣು ಅವನ ಮೇಲೆ ಬಿತ್ತು. ಮಾರ್ಚ್ 3ರಂದು ಆ ತರುಣ ವಿರಕ್ತಾಶ್ರಮ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಎಷ್ಟು ಸಾವಿರ ಮಕ್ಕಳಿಗೆ ಅನ್ನ ಹಾಕಿ ಓದಿಸಿದರೆಂಬುದು ನಾಡಿಗೇ ಗೊತ್ತು. ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತ ಮಠವದು.

ಇಲ್ಲಿ ಗಮನಿಸಬೇಕಾದದ್ದು ವಯಸ್ಸು. ಶಿವಣ್ಣನಿಗೆ ಆಗ ಇಪ್ಪತ್ತೆರಡು ತುಂಬಿ ಇಪ್ಪತ್ಮೂರು ನಡೆಯುತ್ತಿತ್ತು. ಭೌತಶಾಸ್ತ್ರ, ಗಣಿತ ಓದುತ್ತಿದ್ದ, ಪಟ್ಟಣ ನೋಡಿದ್ದ, ಬೇರೆ ಬದುಕು ಸಾಧ್ಯವಿದೆಯೆಂದು ತಿಳಿದಿದ್ದ. ಹೌದು ಎಂದದ್ದು ಆ ಬೇರೆ ಬದುಕನ್ನು ಎದುರಿಗೆ ಇಟ್ಟುಕೊಂಡೇ. ಮುಂದೆ ತಮ್ಮ ಉತ್ತರಾಧಿಕಾರಿಯ ಆಯ್ಕೆಯನ್ನು ಅವರು ಕೊನೆಯ ಗಳಿಗೆಗೆ ಬಿಡಲಿಲ್ಲ. 1988ರಲ್ಲೇ ಸಿದ್ಧಲಿಂಗ ಸ್ವಾಮಿಗಳನ್ನು ನೇಮಿಸಿದರು. ಹಿರಿಯರ ಕಣ್ಣೆದುರಿನಲ್ಲೇ ಕಿರಿಯರು ಮೂವತ್ತು ವರ್ಷ ಕೆಲಸ ಕಲಿತರು.

ಸಿರಿಗೆರೆಯ ಕಥೆ ಬೇರೆ. ಅಲ್ಲಿನ ಶಿವಕುಮಾರ ಶಿವಾಚಾರ್ಯರು (ಹೆಸರು ಒಂದೇ, ಮಠ ಬೇರೆ) ಗುರುವಿಗೂ ನಿವೃತ್ತಿ ಇರಬೇಕೆಂದು ನಂಬಿದವರು. ಮಠದ ಹುಡುಗನೊಬ್ಬನನ್ನು ಕಾಶಿಗೆ ಕಳಿಸಿ ಸಂಸ್ಕೃತದಲ್ಲಿ ಡಾಕ್ಟರೇಟ್ ಪದವಿಯವರೆಗೆ ಓದಿಸಿದರು, ಆಮೇಲೆ ವಿಯೆನ್ನಾಕ್ಕೂ ಕಳಿಸಿದರು. 1979ರಲ್ಲಿ ತಾವು ಪೀಠದಿಂದ ಇಳಿದು ಆ ಶಿಷ್ಯನನ್ನು, ಅಂದರೆ ಡಾ. ಶಿವಮೂರ್ತಿ ಶಿವಾಚಾರ್ಯರನ್ನು ಕೂರಿಸಿದರು. 1992ರವರೆಗೆ, ಅಂದರೆ ಬದುಕಿರುವವರೆಗೆ, ಹಿರಿಯ ಗುರುಗಳಾಗಿ ಪಕ್ಕದಲ್ಲಿದ್ದರು. ಪೀಠ ಹತ್ತುವುದು ಕಷ್ಟ, ಇಳಿಯುವುದು ಅದಕ್ಕಿಂತ ಕಷ್ಟ ಎಂಬುದಕ್ಕೆ ಅದೇ ಮಠ ಮತ್ತೊಮ್ಮೆ ಉದಾಹರಣೆಯಾಯಿತು. 2024ರಲ್ಲಿ ಭಕ್ತರ ಒಂದು ಗುಂಪು ದಾವಣಗೆರೆಯಲ್ಲಿ ಸಭೆ ಸೇರಿ ಹೊಸ ಪೀಠಾಧಿಪತಿಯ ಆಯ್ಕೆ ಆಗಬೇಕೆಂದಿತು. ಇನ್ನೊಂದು ಗುಂಪು ಇರುವ ಗುರುಗಳೇ ಮುಂದುವರಿಯಲೆಂದು ಅವರ ಬೆನ್ನಿಗೆ ನಿಂತಿತು. ಹರಪನಹಳ್ಳಿ, ಕೊಟ್ಟೂರು ಕಡೆಯ ಹಳ್ಳಿಗಳಲ್ಲೂ ಸಿರಿಗೆರೆಯ ಭಕ್ತರಿದ್ದಾರೆ. ಮಠದ ಮಾತು ಮನೆಯ ಮಾತಾಗಲು ಎಷ್ಟು ಹೊತ್ತು?

ಕರಾವಳಿಯ ಉಡುಪಿಯವರು ಇಂಥ ಗೊಂದಲಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಮಾಡಿಟ್ಟಿದ್ದಾರೆ. ಅಷ್ಟಮಠಗಳನ್ನು ಎರಡೆರಡಾಗಿ ಜೋಡಿಸಿ ದ್ವಂದ್ವ ಮಠಗಳೆಂದು ಕರೆದರು: ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶೀರೂರು–ಸೋದೆ, ಕಾಣಿಯೂರು–ಪೇಜಾವರ. ಒಂದು ಮಠದ ಯತಿಗಳು ಉತ್ತರಾಧಿಕಾರಿಯನ್ನು ನೇಮಿಸದೆ ತೀರಿಕೊಂಡರೆ ಜೋಡಿ ಮಠದವರು ಆ ಹೊಣೆ ಹೊರಬೇಕು. 2018ರ ಜುಲೈನಲ್ಲಿ ಶೀರೂರು ಮಠದ ಲಕ್ಷ್ಮೀವರ ತೀರ್ಥರು ತೀರಿಕೊಂಡಾಗ ಆದದ್ದು ಹೀಗೆಯೇ. ಸೋದೆ ಮಠದ ಯತಿಗಳು 2021ರಲ್ಲಿ ಹದಿನಾರರ ಪ್ರಾಯದ ಹುಡುಗನೊಬ್ಬನನ್ನು ಆರಿಸಿ ಸನ್ಯಾಸ ಕೊಟ್ಟರು. ಹದಿನೆಂಟು ತುಂಬದ ಹುಡುಗನಿಗೆ ಸನ್ಯಾಸ ಕೊಡಬಹುದೇ ಎಂದು ಪ್ರಶ್ನಿಸಿ ಕೆಲವರು ಹೈಕೋರ್ಟಿಗೆ ಹೋದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಅಪ್ರಾಪ್ತ ವಯಸ್ಕನು ಸನ್ಯಾಸಿಯಾಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂದಿತು. ಬೌದ್ಧರಲ್ಲಿ ಬಾಲಭಿಕ್ಷುಗಳಿರುವುದನ್ನೂ ನೆನಪಿಸಿತು. ಅಂತೂ ಕಾನೂನಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಾನೂನು ಬೇಡವೆನ್ನದ ಕೆಲಸವನ್ನೆಲ್ಲ ಮಾಡಲೇಬೇಕೆಂದಿಲ್ಲ. ಆ ವಿವೇಚನೆ ಮನೆಯವರಿಗೂ ಮಠದವರಿಗೂ ಬಿಟ್ಟದ್ದು.

ಗುರುವನ್ನು ಆರಿಸುವವರು ಯಾರೇ ಆಗಿರಲಿ, ಒಪ್ಪಬೇಕಾದವರು ಊರಿನವರು. 2020ರಲ್ಲಿ ಗದಗ ಜಿಲ್ಲೆಯ ಅಸೂಟಿ ಗ್ರಾಮದ ಮಠವೊಂದಕ್ಕೆ ಮುಸ್ಲಿಂ ಮನೆತನದ ಯುವಕರೊಬ್ಬರಿಗೆ ಪಟ್ಟ ಕಟ್ಟಿದಾಗ ನಾಡೇ ತಿರುಗಿ ನೋಡಿತು. ಅವರ ತಂದೆ ಆ ಮಠಕ್ಕೆ ಎರಡು ಎಕರೆ ಭೂಮಿ ಕೊಟ್ಟವರು. ಬಸವತತ್ತ್ವಕ್ಕೆ ಮಾರುಹೋದ ಮನೆತನ ಎಂದು ಊರಿಗೆ ಮೊದಲೇ ಗೊತ್ತಿತ್ತು. 2025ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಯಾದಗಿರಿ ಕಡೆಯಿಂದ ಬಂದು ವಿರಕ್ತ ಮಠದ ಸ್ವಾಮಿಯಾಗಿದ್ದ ಇಪ್ಪತ್ತೆರಡರ ತರುಣ ಹುಟ್ಟಿನಿಂದ ಮುಸ್ಲಿಮನೆಂದು ತಿಳಿಯುತ್ತಲೇ ಊರಿನವರು ತಕರಾರು ತೆಗೆದರು; ಅವನು ಮಠ ಬಿಟ್ಟು ಹೊರಟ. ಒಂದು ಊರು ತಿಳಿದು ಒಪ್ಪಿತು, ಇನ್ನೊಂದು ಊರು ತಿಳಿದ ಮೇಲೆ ಬೇಡವೆಂದಿತು. ಇಬ್ಬರೂ ದೀಕ್ಷೆ ಪಡೆದವರೇ. ಹುಟ್ಟಿದ ಜಾತಿಯನ್ನು ದೀಕ್ಷೆ ಅಳಿಸುತ್ತದೆಂದು ಹನ್ನೆರಡನೆಯ ಶತಮಾನದಲ್ಲೇ ಸಾರಿದ ಪರಂಪರೆಯಲ್ಲಿ ಈ ಪ್ರಶ್ನೆ ಇನ್ನೂ ಏಳುತ್ತಿರುವುದು ಬೇಸರದ ಸಂಗತಿ.

ಪಕ್ಕದ ಬಳ್ಳಾರಿಯ ಕ್ರೈಸ್ತ ಬಂಧುಗಳು ಈ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡಿದರೆ ನಮ್ಮವರಿಗೆ ಆಶ್ಚರ್ಯವಾದೀತು. ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1949ರಲ್ಲಿ. ಅಲ್ಲಿ ಊರಿನವರು ಗುರುವನ್ನು ಹುಡುಕಿಕೊಂಡು ಹೋಗುವುದಿಲ್ಲ, ಬಿಷಪ್ಪರು ಕಳಿಸುತ್ತಾರೆ. ಕಳಿಸುವ ಮುನ್ನ ಇತರ ಗುರುಗಳನ್ನು, ಬೇಕೆನಿಸಿದರೆ ಭಕ್ತರನ್ನೂ ವಿಚಾರಿಸಬಹುದು. 1983ರ ಧರ್ಮಸಂಹಿತೆಯ ಪ್ರಕಾರ ಒಬ್ಬ ಗುರುವಿಗೆ ಒಂದೇ ಧರ್ಮಕೇಂದ್ರ ಎಂಬುದು ಸಾಮಾನ್ಯ ನಿಯಮ. ಗುರುಗಳ ಕೊರತೆಯಿದ್ದಲ್ಲಿ ಅಕ್ಕಪಕ್ಕದ ಹಲವು ಕೇಂದ್ರಗಳನ್ನು ಒಬ್ಬರಿಗೇ ವಹಿಸಬಹುದು. ಕೇಂದ್ರದ ಗುರುಗಳು ಎಪ್ಪತ್ತೈದು ತುಂಬಿದಾಗ ರಾಜೀನಾಮೆ ಬರೆದು ಬಿಷಪ್ಪರ ಮುಂದಿಡಬೇಕು. ಇಪ್ಪತ್ತೈದು ತುಂಬದೆ ಗುರುದೀಕ್ಷೆ ಇಲ್ಲ. ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೇವತಾಶಾಸ್ತ್ರ ಓದಬೇಕು. ನಡುವೆ ಮನಸ್ಸು ಬದಲಾದ ಹುಡುಗ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಬಹುದು. ಊರಿನ ಒಲವು ನಿಲುವಿಗೆ ಅಲ್ಲಿ ಜಾಗ ಕಡಿಮೆ, ಅದು ಆ ಪದ್ಧತಿಯ ಕೊರತೆಯೇ ಸರಿ. ಹುಡುಗನಿಗೆ ಯೋಚಿಸಲು ಕೊಟ್ಟಿರುವ ಕಾಲ ಮಾತ್ರ ದೊಡ್ಡದು.

ಮಗನನ್ನು ಮಠಕ್ಕೆ ಒಪ್ಪಿಸುವ ಯೋಚನೆಯಲ್ಲಿರುವ ತಂದೆ ತಾಯಿಯರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಹೇಳುವುದು ಇಷ್ಟೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆಯ ಓದು ಕಾನೂನಿನಂತೆ ಹಕ್ಕು. ಮಠದಲ್ಲಿದ್ದರೂ ಅದು ತಪ್ಪಕೂಡದು. ಮರಿಯಾದ ಮಗನಿಗೆ ಮನೆಗೆ ಬಂದುಹೋಗುವ ದಾರಿ ಇದೆಯೇ, ತಾಯಿ ಯಾವಾಗ ಬೇಕಾದರೂ ಹೋಗಿ ನೋಡಬಹುದೇ, ಅವನ ಓದು ಯಾರ ಕಣ್ಗಾವಲಿನಲ್ಲಿದೆ ಎಂಬುದನ್ನು ಪಟ್ಟದ ಮಾತಿಗೆ ಮೊದಲು ವಿಚಾರಿಸಿ. ಹದಿನೆಂಟು ತುಂಬಿದಾಗ ಒಲ್ಲೆ ಎಂದರೆ ಊರು ಅವನನ್ನು ಮಠ ಬಿಟ್ಟು ಓಡಿಬಂದವನೆಂದು ಆಡಿಕೊಳ್ಳುವುದೇ ಅಥವಾ ಕಾಲೇಜಿಗೆ ಸೇರಿಸುವುದೇ ಎಂದೂ ಕೇಳಿಕೊಳ್ಳಿ. ದೈವದ ಸಭೆಯಲ್ಲಿ ಈ ಪ್ರಶ್ನೆ ಎತ್ತಿದರೆ ಯಾರಿಗಾದರೂ ಸಿಟ್ಟು ಬರಬಹುದು. ಬರಲಿ ಬಿಡಿ.

ಮಠಕ್ಕೆ ಸೇರಿದ ಪ್ರತಿ ಹುಡುಗನೂ ಪೀಠವನ್ನೇ ಏರಬೇಕೆಂದು ಹಾನಗಲ್ಲ ಕುಮಾರಸ್ವಾಮಿಗಳೂ ಭಾವಿಸಿರಲಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಸಹೋದರರು ಅವರ ಬಳಿಗೆ ಬಂದಾಗ ಆ ಮಕ್ಕಳ ಕೊರಳಿನ ಇಂಪನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದರು. ಅವರಲ್ಲಿ ಗದಿಗೆಯ್ಯ ಎಂಬ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಶಿವಯೋಗಮಂದಿರದಲ್ಲಿ ನೀಲಕಂಠ ಬುವಾ ಮಿರಜಕರರಿಂದ ಹಿಂದುಸ್ತಾನಿ ಸಂಗೀತ ಕಲಿತರು. ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳನ್ನು, ಅನಾಥ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡು ಹಾಡು ಕಲಿಸಿದರು. 1944ರಲ್ಲಿ ಅವರು ತೀರಿಕೊಂಡಾಗ ಆಶ್ರಮದ ಹೊಣೆ ಬಂದದ್ದು ಹಾವೇರಿ ಕಡೆಯ ದೇವಗಿರಿಯಿಂದ ಬಂದು ಅವರ ಕೈಯಲ್ಲಿ ಬೆಳೆದ ಇನ್ನೊಬ್ಬ ಅಂಧ ಶಿಷ್ಯನಿಗೆ. ಆಗ ಮೂವತ್ತರ ಹರೆಯದಲ್ಲಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ, ಅರವತ್ತಾರು ವರ್ಷ, ಆ ಮಕ್ಕಳನ್ನು ಸಾಕಿದರು.